ನಿರ್ವಾಹಕರನ್ನು ಸಂಪರ್ಕಿಸಿ

"ಈ ಫೋಲ್ಡರ್ ತೆರೆಯಲು ನಿಮಗೆ ಅನುಮತಿ ಇಲ್ಲ. ನಿಮ್ಮ ನಿರ್ವಾಹಕರನ್ನು ಸಂಪರ್ಕಿಸಿ."

ಕಂಪ್ಯೂಟರು ಹೇಳಿದ್ದನ್ನು ಮಗಳು ಬಾಯಿಬಿಟ್ಟು ಓದಬಾರದಿತ್ತು. ಓದಿಬಿಟ್ಟಳು. ಕಿವಿಯ ಹಿಂದಿನ ಸೋಪನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತಾ ಬಚ್ಚಲಿನಿಂದ ಬರುತ್ತಿದ್ದ ಅಪ್ಪ ಅಲ್ಲೇ ನಿಂತ.

"ಸಂಪರ್ಕಿಸಿದ್ದಾಯ್ತು ಅಂತ ಹೇಳು. ನಿರ್ವಾಹಕರು ಇಲ್ಲೇ ಒದ್ದೆ ತಲೇಲಿ ನಿಂತಿದಾರೆ. ಏನು ಬೇಕಂತೆ ಅದಕ್ಕೆ?"

ಒಲೆಯ ಮುಂದಿದ್ದ ಅಮ್ಮ ನಕ್ಕಳು. "ಇವತ್ತೊಂದಿನ ಸಂಪರ್ಕಿಸಲಿ ಬಿಡಿ. ನಾಳೆಯಿಂದ ಯಾರೂ ಸಂಪರ್ಕಿಸಲ್ಲ ನಿಮ್ಮನ್ನ."

ಅಪ್ಪ ಬಸ್ ಕಂಡಕ್ಟರು. ನಿನ್ನೆಗೆ ಅವನ ಕೊನೆಯ ಪಾಳಿ ಮುಗಿದಿತ್ತು. ಇವತ್ತು ಸಂಜೆ ಡಿಪೋದಲ್ಲಿ ಬೀಳ್ಕೊಡುಗೆ. ಕಂಡಕ್ಟರಿಗೆ ಬರವಣಿಗೆಯ ಕನ್ನಡದಲ್ಲಿ ನಿರ್ವಾಹಕ ಎನ್ನುತ್ತಾರೆ. ಆ ಪದ ಇರುವುದು ಅಂಗಿಯ ಮೇಲಿನ ಬಿಲ್ಲೆಯಲ್ಲಿ ಮಾತ್ರ. "ನಿರ್ವಾಹಕರೇ, ಸ್ವಲ್ಪ ನಿಲ್ಸಿ" ಎಂದು ಯಾರೂ ಕೂಗಿದ ದಾಖಲೆ ಇಲ್ಲ. ಕಂಪ್ಯೂಟರನ್ನು ಕನ್ನಡಕ್ಕೆ ತಂದ ಪುಣ್ಯಾತ್ಮರು ಅಡ್ಮಿನಿಸ್ಟ್ರೇಟರ್ ಎಂಬುದಕ್ಕೂ ಅದೇ ಪದವನ್ನು ಹಚ್ಚಿದ್ದರು. ಹಾಗಾಗಿ ಈ ಮನೆಯಲ್ಲಿ ನಿರ್ವಾಹಕರು ಇಬ್ಬರು. ಒಬ್ಬ ಖಾಕಿ ಅಂಗಿ ಕಳಚಿ ಮೊಳೆಗೆ ನೇತುಹಾಕಿದವನು. ಇನ್ನೊಬ್ಬ ಕಂಪ್ಯೂಟರಿನೊಳಗೆ ಬಾಗಿಲು ಹಾಕಿಕೊಂಡು ಕೂತವನು. ಆ ಒಳಗಿನವನನ್ನು ಕೂರಿಸಿದ್ದು ಮಗಳೇ, ಕಾಲೇಜು ಸೇರಿದ ವರ್ಷ. ಆಮೇಲೆ ಮನೆಮಂದಿಗೆಲ್ಲ 'ಮನೆ' ಎಂಬ ಸಾದಾ ಖಾತೆಯೊಂದು ಸಾಕಾಗಿ, ನಿರ್ವಾಹಕನ ಕಡೆ ಯಾರೂ ತಲೆ ಹಾಕಿರಲಿಲ್ಲ.

"ಗುಬ್ಬೀ, ಆ ಫೋಟೋ ಸಿಗುತ್ತೆ ತಾನೇ?" ಎಂದು ಅಪ್ಪ ಕೇಳಿದ. ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುವರು, ಅವಳ ದನಿ ಅಷ್ಟೇ ಇದ್ದುದರಿಂದ. ಬಸ್ಸಿನ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಕೇಳುವಂತೆ ರೈಟ್ ಎಂದು ಕೂಗುವವನಿಗೆ ಪಕ್ಕದಲ್ಲಿ ಕೂತರೂ ಕೇಳಿಸದ ಮಗಳು ಹುಟ್ಟಿದ್ದು ಡಿಪೋದವರ ಹಳೆಯ ತಮಾಷೆ.

"ಸಿಗುತ್ತೆ ಅಪ್ಪಾ. ಸ್ವಲ್ಪ ಹೊತ್ತು ಕೊಡಿ."

"ಡ್ರೈವರ್‌ದು ಒಂದೇ ಹಟ. ಇವತ್ತು ಗೋಡೆ ಮೇಲೆ ದೊಡ್ಡದಾಗಿ ತೋರಿಸಬೇಕಂತೆ. ನಮ್ಮಿಬ್ಬರದ್ದು ಅಂತ ಇರೋದು ಅದೊಂದೇ ನೋಡು."

ಡ್ರೈವರ್ ಮಾವ ನೆಂಟನಲ್ಲ. ಆದರೆ ಒಂದೇ ಬಸ್ಸಿನ ಮುಂದೊಬ್ಬ ಹಿಂದೊಬ್ಬ ದುಡಿದು ಇಬ್ಬರೂ ಕೂದಲು ಬೆಳ್ಳಗಾಗಿಸಿಕೊಂಡ ಮೇಲೆ ನೆಂಟನಿಗಿಂತ ಹೆಚ್ಚೇ ಆಗಿದ್ದ. ಆ ಫೋಟೋದಲ್ಲಿ ಇಬ್ಬರೂ ಹೊಸ ಬಸ್ಸಿನ ಮುಂದೆ ಎದೆ ಉಬ್ಬಿಸಿ ನಿಂತಿದ್ದಾರೆ. ಕಾಲ ಬಳಿ ಅಪ್ಪನ ಟಿಕೆಟ್ ಪೆಟ್ಟಿಗೆ. ಗೋಡೆಯಿಂದ ಇಳಿಸಿ ಅಟ್ಟದಲ್ಲಿಟ್ಟಿದ್ದ ಫೋಟೋ ತೇವಕ್ಕೆ ಗಾಜಿಗೇ ಅಂಟಿ ಹಾಳಾಗಿತ್ತು. ಅದಕ್ಕೆ ಮುಂಚೆ ಮಗಳು ಅದನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಳು. ಎಲ್ಲರಿಗೂ ಕಾಣುವ ಜಾಗದಲ್ಲಿ ಅಲ್ಲ, ನಿರ್ವಾಹಕನ ಖಾತೆಯೊಳಗೆ ಬೀಗ ಹಾಕಿದ ಫೋಲ್ಡರಿನಲ್ಲಿ. ಯಾಕೆ ಅಲ್ಲಿ ಎಂದು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ.

ಅವಳು ನಿರ್ವಾಹಕ ಎಂಬ ಹೆಸರಿನ ಮೇಲೆ ಒತ್ತಿದಳು. ಗುಪ್ತಪದ ಕೇಳಿತು. ಕಾಲೇಜಿನ ದಿನಗಳ ಗುಪ್ತಪದವೊಂದು ನೆನಪಿತ್ತು, ಹಾಕಿದಳು. ಗುಪ್ತಪದ ತಪ್ಪಾಗಿದೆ ಎಂದಿತು. 'ಸರಿ' ಗುಂಡಿ ಒತ್ತಿದಾಗ ಖಾಲಿ ಚೌಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಮೂಡಿತು.

ಸುಳಿವು: ಅಪ್ಪ ನಿಜಕ್ಕೂ ಏನು? ಯಾರಿಗೂ ಹೇಳಬೇಡ.

ಇದನ್ನು ತಾನು ಬರೆದಿದ್ದು ಹೌದು. ಬರೆದದ್ದು ಮರೆತೇಹೋಗಿತ್ತು, ಸಾಲು ಮಾತ್ರ ಅವಳನ್ನು ಮರೆತಿರಲಿಲ್ಲ. ಈ ಕೋಣೆಯಲ್ಲೇ ಇಷ್ಟು ವರ್ಷ, ಒಂದು ತಪ್ಪು ಅಕ್ಷರದಷ್ಟು ದೂರದಲ್ಲಿ ಕೂತಿತ್ತು. ಅವಳು ಅಂಗೈಯನ್ನು ಪರದೆಯ ಮೇಲೆ ಚಾಚಿ ಹಿಂದೆ ತಿರುಗಿದಳು. ಅಪ್ಪ ಕಿಟಕಿಯ ಬಳಿ ನಿಂತು ಕನ್ನಡಕ ನೋಡುತ್ತಿದ್ದ. ಕನ್ನಡಕದ ಕಾಲು ನಿನ್ನೆ ಬಸ್ಸಿನಲ್ಲಿ ಮುರಿದಿತ್ತು. ಬೆಳಗ್ಗೆ ಅಂಟು ಹಾಕಿ ಕಿಟಕಿಯ ಮೇಲೆ ಒಣಗಲು ಇಟ್ಟಿದ್ದ.

"ಇನ್ನೂ ಹಸಿ ಇದೆ," ಎಂದ ಅಪ್ಪ. "ಮುಟ್ಟಿದ್ರೆ ಬೆರಳಿಗೇ ಅಂಟುತ್ತೆ."

ದೇವರು ದೊಡ್ಡವನು ಎಂದುಕೊಂಡಳು ಮಗಳು. ಕನ್ನಡಕವಿಲ್ಲದೆ ಅಪ್ಪನಿಗೆ ಪರದೆಯ ಅಕ್ಷರ ಇರುವೆ ಸಾಲು. ಆ ಅಂಟು ಒಣಗುವ ಮೊದಲು ಬಾಗಿಲು ತೆಗೆಯಬೇಕು, ಫೋಟೋ ಈಚೆಗೆ ತರಬೇಕು, ಆ ಸಾಲನ್ನು ಅಳಿಸಿಹಾಕಬೇಕು. ಅಪ್ಪ ಅದನ್ನು ಓದಬಾರದು. ಇವತ್ತಂತೂ ಓದಬಾರದು.

ಆ ಸಾಲು ಹುಟ್ಟಿದ್ದು ಹೀಗೆ. ಕಾಲೇಜಿನ ಮೊದಲ ವಾರ, ಹೊಸ ಗೆಳತಿಯರು ಒಬ್ಬೊಬ್ಬರಾಗಿ ಅಪ್ಪಂದಿರ ಕೆಲಸ ಹೇಳಿಕೊಂಡಿದ್ದರು. ಇವಳ ಸರದಿ ಬಂದಾಗ ಗಂಟೆ ಹೊಡೆದು ಇವಳನ್ನು ಕಾಪಾಡಿತ್ತು. ಅದೇ ವಾರ ಮನೆಗೆ ಕಂಪ್ಯೂಟರು ಬಂತು. ಕನ್ನಡದಲ್ಲಿ ಜೋಡಿಸುತ್ತಾ ಕೂತವಳಿಗೆ ಆ ಪದ ಸಿಕ್ಕಿತು. ಅಡ್ಮಿನಿಸ್ಟ್ರೇಟರ್ ಎಂದರೆ ನಿರ್ವಾಹಕ. ಹಾಗಾದರೆ ನಿರ್ವಾಹಕ ಎಂದರೆ ಅಡ್ಮಿನಿಸ್ಟ್ರೇಟರ್. ಮರುದಿನ ಗೆಳತಿಯರಿಗೆ ಹೇಳಿದಳು, ನಮ್ಮಪ್ಪ ಸಾರಿಗೆಯಲ್ಲಿ ಅಡ್ಮಿನಿಸ್ಟ್ರೇಟರ್ ಎಂದು. ಅವರು ಹುಬ್ಬೇರಿಸಿದರು. ಸುಳ್ಳೇನೂ ಹೇಳಿಲ್ಲವಲ್ಲ, ಅನುವಾದ ಮಾಡಿದ್ದೇನೆ ಅಷ್ಟೇ ಎಂದು ಅವಳು ತನ್ನನ್ನು ತಾನೇ ಒಪ್ಪಿಸಿಕೊಂಡಿದ್ದಳು.

ಅನುವಾದ ಬಹಳ ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ಗೆಳತಿಯರು ನಡೆಯುವುದು ಬೇಡವೆಂದು ಸಿಕ್ಕ ಬಸ್ಸು ಹತ್ತಿಬಿಟ್ಟರು. ಅದು ಅಪ್ಪನ ಬಸ್ಸು. ಅವಳು ಕಿಟಕಿಗೆ ಮುಖ ಕೊಟ್ಟು ಕೂತಳು. ಸೀಟಿನ ಕೆಳಗೆ ಅಪ್ಪನ ತಗಡಿನ ಪೆಟ್ಟಿಗೆ ಇತ್ತು. ಬೇರೆಯವರದ್ದರ ಜೊತೆ ಬೆರೆಯದಿರಲೆಂದು ಅಪ್ಪ ತನ್ನ ಕೈಯಾರೆ ಅದರ ಮೇಲೆ ಬಿಳಿ ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಕಂಡಕ್ಟರ್ ಎಂದು ಬರೆದಿದ್ದ. ಸ್ಪೆಲ್ಲಿಂಗು ಅವನದೇ. "ಇದರಲ್ಲಿ ಎಷ್ಟು ತಪ್ಪಿದೆ ಎಣಿಸ್ರೇ," ಎಂದಳೊಬ್ಬ ಗೆಳತಿ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವಳೂ ನಕ್ಕಳು. ನಗದಿದ್ದರೆ ಯಾಕೆ ನಗುವುದಿಲ್ಲ ಎಂದು ಕೇಳಿಯಾರು. ಅಷ್ಟರಲ್ಲಿ ಅಪ್ಪ ಟಿಕೆಟ್ ಕೊಡುತ್ತಾ ಅವರ ಸೀಟಿನ ತನಕ ಬಂದಿದ್ದ. ಗೆಳತಿಯರನ್ನು ನೋಡಿದ. ಕಿಟಕಿಗೆ ತಿರುಗಿದ ಮಗಳ ಜಡೆಯನ್ನು ನೋಡಿದ.

"ಎಲ್ಲಿಗಮ್ಮಾ?" ಎಂದು ಕೇಳಿದ, ಯಾರನ್ನೋ ಕೇಳುವ ಹಾಗೆ.

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಗೆಳತಿಯೇ ಊರ ಕೊನೆಯ ಸ್ಟಾಪಿನ ಹೆಸರು ಹೇಳಿ ಎಲ್ಲರಿಗೂ ಸೇರಿಸಿ ಟಿಕೆಟ್ ತೆಗೆದುಕೊಂಡಳು. ಸಂಜೆ ಮನೆಯಲ್ಲಿ ಅಪ್ಪ ಏನೂ ಕೇಳಲಿಲ್ಲ. ಅನ್ನಕ್ಕೆ ಉಪ್ಪು ಕಮ್ಮಿ ಎಂದ, ಅಷ್ಟೇ. ಆ ರಾತ್ರಿಯೇ ಅವಳು ಗೋಡೆಯ ಫೋಟೋ ಇಳಿಸಿ, ಹಾಳಾಗುತ್ತಿದೆ ಎಂಬ ನೆಪ ಹೇಳಿ, ಸ್ಕ್ಯಾನ್ ಮಾಡಿ ಬೀಗ ಹಾಕಿದಳು; ಗೆಳತಿಯರು ಮನೆಗೆ ಬಂದರೆ ಕಂಪ್ಯೂಟರಿನಲ್ಲೂ ಕಾಣಬಾರದೆಂದು. ಗುಪ್ತಪದವಾಗಿ ಅಪ್ಪನ ಪೆಟ್ಟಿಗೆಯ ಮೇಲಿದ್ದ ಪದವನ್ನೇ ಹಾಕಿದಳು, ಅದೇ ತಪ್ಪು ಸ್ಪೆಲ್ಲಿಂಗಿನಲ್ಲಿ. ಲೋಕದಲ್ಲಿ ಇನ್ನಾರೂ ಹಾಗೆ ಬರೆಯಲಾರರು ಎಂಬ ಧೈರ್ಯ. ಚಿಲ್ಲರೆ ಇಲ್ಲ ಎಂದು ಅಪ್ಪ ದಿನವೂ ಗೊಣಗುತ್ತಿದ್ದ. ಚಿಲ್ಲರೆ ಬುದ್ಧಿ ಮನೆಯಲ್ಲೇ ಬೇಕಾದಷ್ಟು ಬಿದ್ದಿತ್ತು.

ಈಗ ಆ ಸ್ಪೆಲ್ಲಿಂಗು ನೆನಪಿಗೆ ಬರುತ್ತಿಲ್ಲ.

ಮೊದಲು ಸರಿಯಾದ ಸ್ಪೆಲ್ಲಿಂಗು ಹಾಕಿದಳು. ತಪ್ಪು. 'ಯು' ಜಾಗಕ್ಕೆ 'ಎ' ಹಾಕಿದಳು. ತಪ್ಪು. ಕೊನೆಯ 'ಓ' ತೆಗೆದು 'ಎ' ಹಾಕಿದಳು, 'ಇ' ಹಾಕಿದಳು, ಮೊದಲ 'ಸಿ' ಬದಲು 'ಕೆ' ಹಾಕಿದಳು. ತಪ್ಪು, ತಪ್ಪು, ತಪ್ಪು. ಒಂದೊಂದು ತಪ್ಪಿಗೂ ಕೆಳಗೆ ಆ ಸಾಲು ನಿಷ್ಠೆಯಿಂದ ಮೂಡುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇದು ಕನ್ನಡಿ ಹಿಡಿದೇ ಹಿಡಿಯುತ್ತಿತ್ತು. ಕೀಬೋರ್ಡು ಕನ್ನಡಕ್ಕೆ ತಿರುಗಿದೆಯೇನೋ ಎಂದು ನೋಡಿದಳು, ಇಲ್ಲ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಸೇಫ್ ಮೋಡಿನಲ್ಲಿ ಬೇರೆ ನಿರ್ವಾಹಕ ಯಾರಾದರೂ ಅಡಗಿದ್ದಾನೋ ಎಂದು ಇಣುಕಿದಳು. ಇದ್ದವನು ಅವನೊಬ್ಬನೇ.

ಕೊನೆಗೆ ಫೋನು ಹಿಡಿದು ಹಿತ್ತಲ ಮೆಟ್ಟಿಲಿಗೆ ಹೋಗಿ ಕಂಪ್ಯೂಟರ್ ರಿಪೇರಿಯವನಿಗೆ ಮಾಡಿದಳು.

"ಗುಪ್ತಪದ ಅಳಿಸಿ ಒಳಗೆ ಹೋಗಬಹುದು ಮೇಡಂ," ಎಂದ ಅವನು. "ಆದ್ರೆ ಒಳಗೆ ಫೋಲ್ಡರಿಗೆ ಬೇರೆ ಬೀಗ ಹಾಕಿದೀರಿ ಅಂತೀರಲ್ಲ, ಅದು ಆಮೇಲೆ ಜನ್ಮದಲ್ಲಿ ತೆರೆಯಲ್ಲ. ಹಳೇ ಗುಪ್ತಪದಾನೇ ಬೇಕು, ಅದರಲ್ಲಿ ಹೋದ್ರೆ ಎರಡೂ ತೆರೆಯುತ್ತೆ. ಸುಳಿವು ಇಟ್ಟಿಲ್ವಾ?"

"ಇದೆ."

"ಏನಂತ ಇದೆ?"

ಅವಳು ತೊಳೆಯಲು ಇಟ್ಟ ಪಾತ್ರೆಗಳನ್ನು ನೋಡಿದಳು. "ಅಷ್ಟು... ಸ್ಪಷ್ಟವಾಗಿಲ್ಲ."

"ನಿಮಗೆ ನೀವೇ ಬರಕೊಂಡಿದ್ದಲ್ವಾ ಮೇಡಂ? ನಿಮಗೆ ಸ್ಪಷ್ಟ ಆಗ್ಲೇಬೇಕು. ಇನ್ಯಾರಿಗೆ ಆಗುತ್ತೆ?"

ಅವಳು ಹ್ಞೂಂ ಎಂದು ಫೋನಿಟ್ಟಳು.

ಒಳಗೆ ಬಂದರೆ ಅಪ್ಪ ಅವಳ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದ.

"ಕೆಳಗೆ ಏನೋ ಬರೆದಿದೆಯಲ್ಲ ಗುಬ್ಬೀ. ಏನದು?"

"ಏನಿಲ್ಲ ಅಪ್ಪಾ. ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ ಅಂತ."

"ಅಷ್ಟುದ್ದ?"

"ಕನ್ನಡದಲ್ಲಿ ಹೇಳೋಕೆ ಉದ್ದ ಆಗುತ್ತೆ."

ಅಪ್ಪ ತಲೆಯಾಡಿಸಿದ. ಅವಳು ಹೇಳಿದ್ದನ್ನು ಅವನು ಹಾಗೇ ನಂಬುತ್ತಿದ್ದ. ಓದಿದ ಮಗಳು. ಅವಳು ಕುರ್ಚಿಯಲ್ಲಿ ಕೂತು, ಪರದೆಯ ಬೆಳಕು ತಗ್ಗಿಸಿ, ಮಾತನ್ನು ಸುತ್ತಿ ಬಳಸಿ ತಂದಳು.

"ಅಪ್ಪಾ, ನಿಮ್ಮ ಹಳೇ ಟಿಕೆಟ್ ಪೆಟ್ಟಿಗೆ ಇದೆಯಾ ಈಗ?"

"ಟಿಕೆಟ್ ಮಿಷನ್ ಬಂದಾಗ ಡಿಪೋಗೆ ವಾಪಸ್ ಕೊಟ್ಟೆನಲ್ಲ. ಯಾವ ಗುಜರಿ ಸೇರಿದೆಯೋ. ಯಾಕೆ?"

"ಸುಮ್ನೆ."

"ಆ ಫೋಟೋದಲ್ಲಿ ಇದೆ ನೋಡು ಪೆಟ್ಟಿಗೆ. ನಾನೇ ಪೇಂಟ್ ಮಾಡಿದ್ದು." ಅಪ್ಪ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು, "ಅಕ್ಷರ ದುಂಡಗೆ ಬಂದಿತ್ತು," ಎಂದ.

ಹೌದು, ಫೋಟೋದಲ್ಲಿದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಜಾಣೆ ಅವಳು. ಅಪ್ಪನನ್ನು ಒಂದೇ ಒಂದು ಮಾತು ಕೇಳಿದರೆ ಸಾಕು: ನೀವು ಕಂಡಕ್ಟರ್ ಅಂತ ಹೇಗೆ ಬರೀತೀರಿ? ಅಕ್ಷರ ಅಕ್ಷರವಾಗಿ ಹೇಳುತ್ತಾನೆ. ಹೇಳಿ, ಯಾಕೆ ಅಂತಲೂ ಕೇಳುತ್ತಾನೆ. ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂತು, ಹಲ್ಲಿಗೆ ತಾಗಿ ವಾಪಸ್ ಹೋಯಿತು. ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮುಂಚೆಯೇ ಅವಳು ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

"ತೆರೆಯಲ್ಲ ಅಪ್ಪಾ," ಎಂದುಬಿಟ್ಟಳು. "ಕೆಟ್ಟುಹೋಗಿದೆ. ಫೋಟೋ ಸಿಗಲ್ಲ."

ಅಪ್ಪನ ಮುಖ ಇಳಿಯಿತು. ಇಳಿದದ್ದು ಕಾಣಬಾರದೆಂದು ಟವೆಲ್ಲಿನಿಂದ ಮತ್ತೊಮ್ಮೆ ಒಣಗಿದ ತಲೆಯನ್ನೇ ಒರೆಸಿಕೊಂಡ. "ಆಯ್ತು ಬಿಡಮ್ಮ. ಕೆಟ್ಟಿದ್ದಕ್ಕೆ ನೀನೇನು ಮಾಡ್ತೀಯ," ಎಂದು ಫೋನು ತೆಗೆದು ಡ್ರೈವರ್ ಮಾವನಿಗೆ ಹಚ್ಚಿದ. ಎಂಜಿನಿನ ಪಕ್ಕ ಬದುಕು ಕಳೆದ ಡ್ರೈವರ್ ಮಾವನ ದನಿ ಫೋನಿನಿಂದ ಆಚೆಗೂ ಕೇಳುವಂಥದ್ದು.

"ಸಿಗಲ್ಲ ಅಂದ್ರೆ? ಏನಯ್ಯಾ ಕಂಡಕ್ಟ್ರೇ, ನಿನ್ನ ಮಗಳು ಅಷ್ಟು ಓದಿದಾಳೆ, ಅವಳ ಕೈಲಿ ಆಗಲ್ವಂತಾ?"

"ಅವಳದೇನೂ ಇಲ್ಲ ಕಣಯ್ಯಾ. ನಾನೇ ಮೊನ್ನೆ ಯಾವುದೋ ಬಟನ್ ಒತ್ತಿ ಕೆಡಿಸಿಟ್ಟಿದೀನಿ."

"ನಿನ್ನ ಕೈಗೆ ಸೀಟಿ ಕೊಟ್ಟಿದ್ದೇ ಹೆಚ್ಚು. ಹಾಳಾಗಿ ಹೋಗು. ಅದೊಂದು ಇದ್ದಿದ್ರೆ ಚೆನ್ನಾಗಿತ್ತು ಮಾರಾಯ."

"ಇದ್ದಿದ್ರೆ ಚೆನ್ನಾಗಿತ್ತು," ಎಂದು ಅಪ್ಪನೂ ಹೇಳಿ ಫೋನಿಟ್ಟ.

ಮೊನ್ನೆ ಅಪ್ಪ ಕಂಪ್ಯೂಟರಿನ ಬಳಿ ಸುಳಿದೇ ಇರಲಿಲ್ಲ. ಮಗಳು ಕೀಬೋರ್ಡಿನ ಮೇಲೆ ಬಗ್ಗಿದಳು. ಕಣ್ಣು ಮಂಜಾಗಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡವು. "ಇನ್ನೊಂದೇ ಒಂದು ಸಲ ನೋಡ್ತೀನಿ ಅಪ್ಪಾ," ಎಂದಳು. ಅದು ಯಾರಿಗೂ ಕೇಳಿಸಲಿಲ್ಲ. ಕೇಳಿಸದ ಮಾತನ್ನು ನಡೆಸಿಕೊಟ್ಟಳು. ತಪ್ಪು ಎಂದಿತು. ಸರಿ ಎಂದು ಒತ್ತಿದಳು.

ಆಗ ಟೀ ಲೋಟ ಹಿಡಿದು ಅಮ್ಮ ಹಿಂದೆ ಬಂದು ನಿಂತಳು. ಅಮ್ಮನಿಗೆ ಒಂದು ಅಭ್ಯಾಸ ಇತ್ತು. ಕಣ್ಣಿಗೆ ಬಿದ್ದ ಅಕ್ಷರವನ್ನು ಬಾಯಿ ಬಿಟ್ಟು ಓದದೆ ಬಿಡುತ್ತಿರಲಿಲ್ಲ. ಅಂಗಡಿಯ ಬೋರ್ಡು, ಸೋಪಿನ ಪೊಟ್ಟಣ, ಲಾರಿಯ ಹಿಂಬದಿ, ಎಲ್ಲವನ್ನೂ ಮೂರನೇ ಕ್ಲಾಸಿನ ರಾಗದಲ್ಲಿ. ಮದುವೆಯಾದ ಮೇಲೆ ಅಪ್ಪನೇ ಬಸ್ಸಿನ ಬೋರ್ಡು ತೋರಿಸಿ ತೋರಿಸಿ ಕಲಿಸಿದ ಓದು ಅದು. ಮಗಳಿಗೆ ಅಂಗೈ ಚಾಚಲು ಹೊತ್ತು ಸಿಗಲಿಲ್ಲ.

"ಸು-ಳಿ-ವು. ಅಪ್ಪ ನಿಜ-ಕ್ಕೂ ಏನು? ಯಾ-ರಿಗೂ ಹೇಳ-ಬೇಡ." ಅಮ್ಮ ಲೋಟ ಮೇಜಿನ ಮೇಲಿಟ್ಟಳು. "ಇದೇನೇ, ಒಗಟಾ? ನಿಜಕ್ಕೂ ಏನು ಅಂದ್ರೆ ಶುದ್ಧ ಮೊಂಡ. ಇದನ್ನ ಯಾರಿಗೂ ಹೇಳೋದೇ ಬೇಡ, ಊರಿಗೇ ಗೊತ್ತು."

ಯಾರೂ ನಗಲಿಲ್ಲ. ಅಮ್ಮ ಮಗಳ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಟೀ ಆರುತ್ತೆ ಎಂದು ಹೇಳಿ ಬಾಗಿಲ ಬಳಿ ಹೋಗಿ ನಿಂತಳು.

ಮಗಳು ಕಣ್ಣು ಮೇಲೆತ್ತಲಿಲ್ಲ. ಅವಳಿಗೆ ಕಾಣುತ್ತಿದ್ದುದು ಅಪ್ಪನ ಪಾದಗಳು ಮಾತ್ರ. ನಿಂತೂ ನಿಂತೂ ಅಗಲವಾದ ಪಾದಗಳು, ಮನೆಯ ನೆಲದ ಮೇಲೂ ಬಸ್ಸು ತಿರುವಿನಲ್ಲಿರುವಂತೆ ಒಂದಕ್ಕೊಂದು ದೂರ ಊರಿಕೊಂಡವು. ಅವು ಅಲುಗಲಿಲ್ಲ. ನೆಲ ಬಾಯ್ಬಿಟ್ಟು ನುಂಗಬಾರದೇ ಎನ್ನುತ್ತಾರೆ. ನೆಲಕ್ಕೂ ಬೇಡವಾದವರು ಇರುತ್ತಾರೆ ಎಂದು ಅವಳಿಗೆ ಆಗ ಗೊತ್ತಾಯಿತು.

"ಎಷ್ಟು ಸಲ ಹಾಕಿ ನೋಡಿದೆ?" ಎಂದು ಅಪ್ಪ ಕೇಳಿದ.

"ತುಂಬಾ ಸಲ."

"ಏನಂತ ಹಾಕಿದೆ?"

"ಸರಿಯಾದ ಸ್ಪೆಲ್ಲಿಂಗೂ ಹಾಕಿದೆ."

"ಅದಕ್ಕೇ," ಎಂದ ಅಪ್ಪ. "ಜಾಗ ಬಿಡು."

ಅವಳು ಎದ್ದಳು. ಅಪ್ಪ ಕೂತ. ಕನ್ನಡಕವಿಲ್ಲದೆ ಕೀಬೋರ್ಡಿನ ಮೇಲೆ ಬಗ್ಗಿ, ಮೊದಲು ದೊಡ್ಡಕ್ಷರದ ಗುಂಡಿ ಹುಡುಕಿ ಒತ್ತಿದ. ಅಪ್ಪನ ಇಂಗ್ಲಿಷಿನಲ್ಲಿ ಸಣ್ಣಕ್ಷರವೆಂಬುದೇ ಇಲ್ಲ, ಬೋರ್ಡಿನ ಅಕ್ಷರವೇ ಅಕ್ಷರ. ಆಮೇಲೆ ಟಿಕೆಟ್ ಮಿಷನ್ ಒತ್ತಿ ಒತ್ತಿ ಚಪ್ಪಟೆಯಾದ ತೋರುಬೆರಳಿನಿಂದ ಒಂದೊಂದೇ ಕುಟ್ಟಿದ, ಕುಟ್ಟುತ್ತಾ ಬಾಯಲ್ಲೂ ಹೇಳಿಕೊಂಡ.

"ಸಿ. ಓ. ಎನ್. ಡಿ. ಎ. ಎಲ್ಲರೂ ಯು ಅಂತಾರೆ. ಯು ಹಾಕಿದ್ರೆ ಡು ಆಗುತ್ತೆ. ಕಂಡುಕ್ಟರ್ ಅಂತ ಯಾರಾದ್ರೂ ಕರೀತಾರಾ? ಸಿ. ಟಿ. ಇನ್ನೊಂದು ಟಿ. ಬಾಯಲ್ಲಿ ಹೇಳಿ ನೋಡು, ಎರಡು ಸಲ ಬಡಿಯುತ್ತೆ. ಇ. ಆರ್."

ಎರಡು ಟಿ. ಮಗಳ ಕಣ್ಣ ಮುಂದೆ ಆ ಬಿಳಿ ಬಣ್ಣ ಹಸಿಹಸಿಯಾಗಿ ಬಂದು ನಿಂತಿತು, ಪಕ್ಕಪಕ್ಕ ನಿಂತ ಎರಡು ಕಂಬಗಳಂತೆ.

ಅಪ್ಪ ಕೊನೆಯ ಗುಂಡಿ ಒತ್ತಿದ. ಪರದೆ ಒಂದು ಕ್ಷಣ ಯೋಚಿಸಿತು. ಸುಸ್ವಾಗತ ಎಂದಿತು.

"ನೋಡಿದ್ಯಾ," ಎಂದು ಅಪ್ಪ ಅಮ್ಮನ ಕಡೆಗೆ ತಿರುಗಿದ. "ಆ ಡ್ರೈವರ್ ನನ್ನ ಸ್ಪೆಲ್ಲಿಂಗ್ ತಪ್ಪು ತಪ್ಪು ಅಂತ ಇಷ್ಟು ವರ್ಷ ಆಡಿಕೊಂಡ. ಕಂಪ್ಯೂಟರೇ ಒಪ್ಪಿತು."

ಅಮ್ಮನೇನೋ ಹೆಮ್ಮೆಯಿಂದ ನಕ್ಕಳು. ಅಪ್ಪ ಇದನ್ನು ನಂಬಿ ಹೇಳಿದನೋ, ಮಗಳನ್ನು ಅಮ್ಮನ ಕಣ್ಣಿನಿಂದ ಮರೆಮಾಡಲು ಹೇಳಿದನೋ ಮಗಳಿಗೆ ತಿಳಿಯಲಿಲ್ಲ. ಯಾವುದೇ ಆಗಿದ್ದರೂ ತಿದ್ದುವ ಹಕ್ಕು ತನಗಿಲ್ಲ ಎಂಬುದಷ್ಟೇ ತಿಳಿಯಿತು. ಅವಳು ನಿಂತೇ ಬಗ್ಗಿ ಫೋಲ್ಡರ್ ತೆರೆದಳು. ಫೋಟೋ ಪರದೆ ತುಂಬ ಹರಡಿಕೊಂಡಿತು.

"ಅಯ್ಯೋ, ಆಗ ಎಷ್ಟೊಂದು ಕೂದಲಿತ್ತು ಕಣ್ರೀ ನಿಮಗೆ," ಎಂದಳು ಅಮ್ಮ.

ಅಪ್ಪ ಕೂದಲು ನೋಡುತ್ತಿರಲಿಲ್ಲ. ಕಾಲ ಬಳಿಯ ಪೆಟ್ಟಿಗೆಯ ಮೇಲೆ ಬೆರಳಿಟ್ಟ. "ಅವತ್ತು ನಿನ್ನ ಗೆಳತಿಯರು ನಕ್ಕಿದ್ದು ಇದಕ್ಕೇ ಅಲ್ವಾ?" ಎಂದು ಮೆಲ್ಲಗೆ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. "ನಗೋ ಹಾಗೇ ಇದೆ ಬಿಡು."

"ಅಪ್ಪಾ, ನಾನು ಆಗ..."

"ಗುಬ್ಬೀ, ಮೊದಲು ಡ್ರೈವರಿಗೆ ಕಳಿಸು. ಬಸ್ಸು ನಿಲ್ಲಿಸಿಕೊಂಡವನ ಹಾಗೆ ಕಾಯ್ತಾ ಕೂತಿರ್ತಾನೆ."

ಅವಳು ಕಳಿಸಿದಳು. ಅಪ್ಪ ಕಿಟಕಿಯ ಬಳಿ ಹೋಗಿ ಕನ್ನಡಕ ಮುಟ್ಟಿ ನೋಡಿದ, ಒಣಗಿತ್ತು. ಹಾಕಿಕೊಂಡ. ಹಾಕಿಕೊಂಡು ಪರದೆಯ ಕಡೆ ಬರಲಿಲ್ಲ, ಹೊರಗೆ ರಸ್ತೆ ನೋಡುತ್ತಾ ಟೀ ಕುಡಿದ.

"ಆ ಗುಪ್ತಪದ ಬದಲಾಯಿಸಿಬಿಡ್ತೀನಿ ಅಪ್ಪಾ. ಸುಳಿವನ್ನೂ."

"ಗುಪ್ತಪದ ಇರಲಿ. ನನಗೆ ನೆನಪಿರೋದು ಅದೊಂದೇ," ಎಂದ ಅಪ್ಪ, ರಸ್ತೆಯನ್ನೇ ನೋಡುತ್ತಾ. "ಸುಳಿವು ನಿಂದು. ಏನಾದ್ರೂ ಮಾಡ್ಕೋ." ಲೋಟ ಕಿಟಕಿಯ ಮೇಲಿಟ್ಟು, "ಸಂಜೆ ನೀನು ಬರಲೇಬೇಕು ಅಂತೇನಿಲ್ಲ. ನಿನಗೆ ಜನ ಅಂದ್ರೆ ಆಗಲ್ಲ, ಗೊತ್ತು," ಎಂದ. ಆ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಬರ್ತೀನಿ," ಎಂದಳು ಮಗಳು.

ಸಂಜೆ ಅಪ್ಪ ಮುಂಚೆಯೇ ಡ್ರೈವರ್ ಮಾವನ ಜೊತೆ ಹೋಗಿದ್ದ. ಅಮ್ಮ ಮಗಳು ಡಿಪೋ ಮುಟ್ಟಿದಾಗ ಕಾವಲಿನವನು ಗೇಟಿನಲ್ಲಿ ತಡೆದ. "ಯಾರು ಬೇಕಮ್ಮಾ?"

ಮಗಳು ಅಮ್ಮನಿಗಿಂತ ಒಂದು ಹೆಜ್ಜೆ ಮುಂದೆ ಬಂದಳು. ಕಾಲೇಜಿಡೀ ಅದುಮಿಟ್ಟ ಮಾತನ್ನು ಇಂದು ಎತ್ತಿ ಹೇಳಿಯೇಬಿಡುತ್ತೇನೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದಳು. "ನಾನು ಕಂಡಕ್ಟರ್ ಮಗಳು," ಎಂದಳು.

"ಇಲ್ಲಿರೋರೆಲ್ಲ ಕಂಡಕ್ಟರೇ ಕಣಮ್ಮಾ," ಎಂದ ಕಾವಲಿನವನು. "ಅರ್ಧ ಡಿಪೋ ಕಂಡಕ್ಟರು, ಅರ್ಧ ಡ್ರೈವರು. ಯಾವ ಕಂಡಕ್ಟರು?"

ಅವಳ ಧೈರ್ಯವೆಲ್ಲ ಗಾಳಿ ಹೋದ ಟೈರಾಯಿತು. ಆ ಮಾತಿಗೆ ಬೆಲೆಯೇ ಇಲ್ಲದ ಒಂದೇ ಒಂದು ಜಾಗ ಹುಡುಕಿ ಅಲ್ಲಿ ಅದನ್ನು ಹೇಳಿದ್ದಳು. "ಇವತ್ತು ನಿವೃತ್ತಿ ಆಗ್ತಿರೋರು," ಎಂದು ಅಮ್ಮ ಮುಂದೆ ಬಂದ ಮೇಲೆ ಗೇಟು ತೆರೆಯಿತು.

ಊಟದ ಹಾಲಿನಲ್ಲಿ ಬೆಂಚು ಹಾಕಿ, ಗೋಡೆಗೆ ಬಿಳಿ ಬೆಡ್‌ಶೀಟು ಬಿಗಿದಿದ್ದರು. ಡೀಸೆಲ್ ವಾಸನೆ, ಖಾಕಿ ಬಟ್ಟೆ, ಕುರ್ಚಿ ಎಳೆದಾಟ. ಅವಳು ಬಾಗಿಲ ಪಕ್ಕ ನಿಂತಳು, ಬೇಕಾದರೆ ಜಾರಲು ಅನುಕೂಲವಾಗಿರಲೆಂದು. ಡ್ರೈವರ್ ಮಾವ ದೀಪ ಆರಿಸಿ ಫೋಟೋ ಹಾಕಿದ. ಬೆಡ್‌ಶೀಟಿನ ಮೇಲೆ ಅಪ್ಪ ಆಳೆತ್ತರವಾದ, ಪೆಟ್ಟಿಗೆ ಮೇಜಿನಷ್ಟಾಯಿತು, ಅದರ ಮೇಲಿನ ಅಕ್ಷರಗಳು ಒಂದೊಂದೂ ಅಂಗೈಯಷ್ಟಾದವು. ಯಾರೋ ಓದಿದರು, ಯಾರೋ ನಕ್ಕರು, ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಅವತ್ತು ಬಸ್ಸಿನಲ್ಲಿ ಕೇಳಿದ್ದಂಥ ನಗುವಲ್ಲ ಇದು. ಒಟ್ಟಿಗೆ ಉಂಡವರ ನಗು. ಆದರೂ ಅವಳ ಕಿವಿ ಬಿಸಿಯಾಯಿತು.

ಅಪ್ಪ ಮೈಕು ಹಿಡಿದ. "ನಗ್ರಪ್ಪಾ, ನಗ್ರಿ. ಆದ್ರೆ ಒಂದು ಹೇಳ್ತೀನಿ. ಈ ಸ್ಪೆಲ್ಲಿಂಗನ್ನ ಇವತ್ತು ಬೆಳಗ್ಗೆ ಕಂಪ್ಯೂಟರ್ ಪಾಸ್ ಮಾಡಿದೆ. ಸರಿಯಾಗಿ ಬರೆದ್ರೆ ಒಳಗೇ ಬಿಡಲಿಲ್ಲ ಅದು. ಸುಳ್ಳು ಅನ್ನೋರು ನನ್ನ ಮಗಳನ್ನ ಕೇಳಿ. ಅವಳು ಓದಿದೋಳು."

ತಲೆಗಳೆಲ್ಲ ತಿರುಗಿದವು. ಅವಳ ಕೈ ಬಾಗಿಲಿನ ಮೇಲಿತ್ತು, ಒಂದು ಕಾಲು ಹೊಸ್ತಿಲ ಆಚೆ.

"ಎಲ್ಲಿಗಮ್ಮಾ?" ಎಂದ ಅಪ್ಪ ಮೈಕಿನಲ್ಲಿ.

ಅದೇ ದನಿ. ಅದೇ ಪದ. ಅವಳು ನಿಂತಲ್ಲೇ ನಿಂತಳು. ಆಮೇಲೆ ಹೊಸ್ತಿಲ ಆಚೆಗಿನ ಕಾಲನ್ನು ಈಚೆ ತೆಗೆದುಕೊಂಡು, ಬೆಂಚುಗಳ ನಡುವಿನ ದಾರಿಯಲ್ಲಿ ನಡೆದು ಬಂದಳು. ಇಕ್ಕೆಲದವರು ಕಾಲು ಮಡಚಿ ಜಾಗ ಬಿಟ್ಟರು.

"ನಮ್ಮಪ್ಪ ಹೇಳಿದ್ದು ನಿಜ," ಎಂದಳು. ಹಿಂದಿನ ಸಾಲಿನಿಂದ "ಕೇಳಿಸ್ತಿಲ್ಲ" ಎಂದರು. ಅಪ್ಪ ಮೈಕು ಅವಳ ಕೈಗಿಟ್ಟ. ಅಂಗೈ ಬೆವರಿಗೆ ಮೈಕು ಜಾರಿತು, ಎರಡೂ ಕೈಯಲ್ಲಿ ಹಿಡಿದಳು.

"ಸಿ," ಎಂದಳು. ದನಿ ಹಾಲಿನ ಆ ಕೊನೆಯವರೆಗೆ ಹೋಗಿ ಅವಳನ್ನೇ ಬೆಚ್ಚಿಸಿತು. "ಓ. ಎನ್. ಡಿ. ಎ. ಸಿ. ಟಿ. ಟಿ."

"ಎರಡು ಟಿ ಯಾಕಮ್ಮಾ?" ಎಂದು ಡ್ರೈವರ್ ಮಾವ ಮುಂದಿನ ಬೆಂಚಿನಿಂದ ಕೆಣಕಿದ.

"ಬಾಯಲ್ಲಿ ಎರಡು ಸಲ ಬಡಿಯುತ್ತೆ ಮಾವ. ಹೇಳಿ ನೋಡಿ."

ಡ್ರೈವರ್ ಮಾವ ಹೇಳಿ ನೋಡಿದ. ಅವನ ಪಕ್ಕದವನೂ ಹೇಳಿದ. ಹಾಲಿನ ತುಂಬ ಜನ ತಮ್ಮ ತಮ್ಮ ಕೆಲಸದ ಹೆಸರನ್ನು ನಾಲಿಗೆಯ ಮೇಲಿಟ್ಟು ಟಕ್ ಟಕ್ ಎನ್ನಿಸಿ ನೋಡಿ, ಹೌದಲ್ಲವೋ ಎಂದು ನಕ್ಕರು.

"ಇ. ಆರ್," ಎಂದು ಅವಳು ಮುಗಿಸಿದಳು. "ಅದು ನಮ್ಮಪ್ಪ." ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ಮುಖವಿರಲಿಲ್ಲ.

ತಲೆ ಬಗ್ಗಿಸಿಯೇ ಮೈಕನ್ನು ವಾಪಸ್ ಚಾಚಿದಳು. ಕಂಡದ್ದು ಮತ್ತೆ ಅವೇ ಪಾದಗಳು, ಇವತ್ತು ಪಾಲಿಶ್ ಹಾಕಿದ ಬೂಟಿನೊಳಗೆ. ಅಪ್ಪ ಮೈಕು ತೆಗೆದುಕೊಂಡು, ಬಾಯಿಂದ ದೂರ ಹಿಡಿದು, ಅವಳೊಬ್ಬಳಿಗೇ ಅಂದ.

"ಕೇಳಿಸ್ತು."